ಇಬ್ಬರಿಗೊಂದು ಮೂತ್ರಪಿಂಡ

ರೂಪಶ್ರೀ ಬಡಿಗೇರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸು ಓಡಿಸಿಕೊಂಡು ನವಲೂರು ದಾಟುತ್ತಿದ್ದಾಗ, ಅವಳ ಹೊಟ್ಟೆಯೊಳಗಿದ್ದ ಮೂತ್ರಪಿಂಡ ತನಗೆ ಎಂದಿಗಿಂತ ಹೆಚ್ಚು ರಕ್ತ ನುಗ್ಗುತ್ತಿದೆ ಎಂದು ಸುದ್ದಿ ಕಳಿಸಿತು. ಸುದ್ದಿ ಹೋದದ್ದು ಅವಳಿಗಲ್ಲ, ಧಾರವಾಡದ ಪ್ರಯೋಗಾಲಯದ ನಿಗಾ ಕೋಣೆಗೆ. ಅಲ್ಲಿನ ಪರದೆಯ ಮೇಲೆ ಅವಳ ಹೆಸರು ಹಸಿರಿನಿಂದ ಹಳದಿಗೆ ತಿರುಗಿತು. ಎದುರು ಕೂತಿದ್ದ ಎಂಜಿನಿಯರ್ ವಾದಿರಾಜ ಕಟ್ಟಿ ಚಹಾದ ಲೋಟ ಕೆಳಗಿಟ್ಟರು.

ಅದು ಅವಳು ಹುಟ್ಟುವಾಗ ತಂದ ಮೂತ್ರಪಿಂಡವಲ್ಲ. ಹುಟ್ಟುವಾಗ ತಂದವು ಕೆಟ್ಟು ವರ್ಷಗಳಾಗಿದ್ದವು. ನಮ್ಮೆಲ್ಲರ ಬೆನ್ನ ಹಿಂದೆ, ಪಕ್ಕೆಲುಬುಗಳ ಅಡಿಯಲ್ಲಿ ಎರಡು ಮೂತ್ರಪಿಂಡಗಳು ಹಗಲೂ ರಾತ್ರಿ ರಕ್ತ ಸೋಸುತ್ತವೆ. ಬೇಡದ್ದನ್ನು ನೀರಿನ ಜೊತೆ ಎರಡು ಸಪೂರ ನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿಸುತ್ತವೆ. ಕೋಶ ತುಂಬಿ ಬಿಗಿದಾಗ ಆ ನಾಳಗಳ ಬಾಯಿ ತಾನಾಗಿ ಮುಚ್ಚಿಕೊಳ್ಳಬೇಕು. ರೂಪಶ್ರೀಗೆ ಅದು ಹುಟ್ಟಿನಿಂದಲೇ ಸರಿಯಾಗಿ ಮುಚ್ಚುತ್ತಿರಲಿಲ್ಲ. ಪ್ರತಿಸಲವೂ ಸ್ವಲ್ಪ ಮೂತ್ರ ಬಂದ ದಾರಿಯಲ್ಲೇ ಮೇಲಕ್ಕೆ ಮರಳುತ್ತಿತ್ತು, ಜೊತೆಗೆ ಸೋಂಕನ್ನೂ ಒಯ್ಯುತ್ತಿತ್ತು. ಚಿಕ್ಕಂದಿನಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಚಳಿಜ್ವರವನ್ನು ಮನೆಯವರು ಬರೀ ಜ್ವರ ಎಂದೇ ತಿಳಿದರು. ಮದುವೆಯಾಗಿ, ಬಸ್ಸಿನ ಕೆಲಸ ಸಿಕ್ಕಿ, ಮೊದಲ ಸಲ ಬಸಿರಾದಾಗ ಮುಖ, ಕಾಲು ಬಾತುಕೊಂಡವು. ಪರೀಕ್ಷೆ ಮಾಡಿಸಿದರೆ ಎರಡೂ ಮೂತ್ರಪಿಂಡಗಳು ಒಣಗಿದ ಅಂಜೂರದ ಹಾಗೆ ಸುಕ್ಕುಗಟ್ಟಿದ್ದವು. ಆ ಮಗು ಉಳಿಯಲಿಲ್ಲ. ರೂಪಶ್ರೀ ಉಳಿದಳು, ಡಯಾಲಿಸಿಸ್ ಯಂತ್ರದ ಪಕ್ಕದ ಹಾಸಿಗೆಯಲ್ಲಿ.

ಆ ವರ್ಷಗಳ ಬಗ್ಗೆ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಬೇಸಿಗೆಯಲ್ಲೂ ನೀರನ್ನು ಗುಟುಕು ಲೆಕ್ಕದಲ್ಲಿ ಕುಡಿಯಬೇಕಿತ್ತು. ಬಾಯಾರಿದಾಗ ಮಂಜುಗಡ್ಡೆಯ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮೂತ್ರ ಬರುವುದೇ ನಿಂತುಹೋಗಿತ್ತು. ದಾನ ಕೊಡೋಣವೆಂದರೆ ಅವಳಿಗೆ ಹೊಂದುವ ಮೂತ್ರಪಿಂಡ ಮನೆಯಲ್ಲಿ ಯಾರದ್ದೂ ಇರಲಿಲ್ಲ.

ಆಗ ಧಾರವಾಡದ ಪ್ರಯೋಗಾಲಯ, ಬೆಳೆಸಿದ ಮೂತ್ರಪಿಂಡವನ್ನು ಮೊದಲ ಸಲ ಮನುಷ್ಯರಿಗೆ ಜೋಡಿಸಲು ಆರಂಭಿಸಿತ್ತು. ನೋಡಲು ಅದು ಸಾಬೂನಿನ ಪೆಟ್ಟಿಗೆಯಷ್ಟೇ. ಒಳಗೆ ಎರಡು ಕೋಣೆ. ಮೊದಲನೆಯದರಲ್ಲಿ ಕೂದಲಿಗಿಂತ ಎಷ್ಟೋ ಪಾಲು ಸಣ್ಣ ತೂತುಗಳಿರುವ ತೆಳು ಹಾಳೆಗಳು. ರಕ್ತ ಅವುಗಳ ಮೇಲೆ ಹರಿಯುವಾಗ ಹೃದಯದ ಒತ್ತಡಕ್ಕೇ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಂಬ ಕಸ ಎಲ್ಲವೂ ಸೋಸಿ ಬೀಳುತ್ತವೆ. ಬೇರೆ ಪಂಪು ಬೇಕಿಲ್ಲ. ಆದರೆ ಸೋಸಿದ್ದೆಲ್ಲ ಹೊರಗೆ ಹೋದರೆ ಮನುಷ್ಯ ಒಂದೇ ದಿನದಲ್ಲಿ ಒಣಗಿಹೋಗುತ್ತಾನೆ. ಅದಕ್ಕೇ ಎರಡನೇ ಕೋಣೆ. ಅಲ್ಲಿನ ನವಿರು ಕೊಳವೆಗಳ ಒಳಮೈಗೆ ರೋಗಿಯದೇ ಜೀವಕೋಶಗಳನ್ನು ಬೆಳೆಸಿ ಹಾಸಿರುತ್ತಾರೆ. ಅವು ಸೋಸಿದ ನೀರಿನಲ್ಲಿ ಬೇಕಾದದ್ದನ್ನೆಲ್ಲ ಹೆಕ್ಕಿ ರಕ್ತಕ್ಕೆ ಮರಳಿಸುತ್ತವೆ. ಉಳಿದದ್ದೇ ಮೂತ್ರ. ರೂಪಶ್ರೀಯ ಬಲ ಕಿಬ್ಬೊಟ್ಟೆಯಲ್ಲಿ ಅದನ್ನಿಟ್ಟು, ಒಂದು ಮೆತ್ತನೆಯ ನಾಳದಿಂದ ಮೂತ್ರಕೋಶಕ್ಕೆ ಸೇರಿಸಿದರು. ಜೀವಕೋಶಗಳು ಅವಳವೇ ಆದ್ದರಿಂದ ದೇಹ ಅವನ್ನು ಪರಕೀಯವೆಂದು ಕಾಣಲಿಲ್ಲ. ಜೀವನಪೂರ್ತಿ ನುಂಗುವ ಮಾತ್ರೆಗಳ ಕಾಟವೂ ಇರಲಿಲ್ಲ.

ಅತ್ತೆ ಕಾಳವ್ವ ಅದನ್ನು ಡಬ್ಬಿ ಎಂದು ಕರೆದರು. ಡಬ್ಬಿ ಬಂದ ಮೇಲೆ ರೂಪಶ್ರೀ ಮೊದಲ ಸಲ ತಾನಾಗಿ ಮೂತ್ರಕ್ಕೆ ಹೋಗಿ ಬಂದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ಮೌನೇಶ ಗೋಡೆಗೆ ಮುಖಮಾಡಿ ಅತ್ತಿದ್ದ. ಕೆಲವು ತಿಂಗಳಲ್ಲಿ ಅವಳು ಮತ್ತೆ ಸ್ಟೀರಿಂಗ್ ಹಿಡಿದಳು.

ಈಗ ಹಳದಿ ದೀಪ.

ಅದನ್ನು ಹೊತ್ತಿಸಿದ್ದು ವಾದಿರಾಜರು ತಾವೇ ರೂಪಿಸಿದ ಒಂದು ಕವಾಟ. ರಕ್ತ ಒಳಬರುವ ದಾರಿಯಲ್ಲಿ ಅದು ಕಾವಲುಗಾರನಂತೆ ಕೂತಿರುತ್ತದೆ. ಹರಿವು ಒಂದು ಮಿತಿ ದಾಟಿದರೆ ತಾನಾಗಿ ಕಿರಿದಾಗುತ್ತದೆ. ಅಂದು ಅದು ಬೆಳಗಿನಿಂದಲೂ ಕಿರಿದಾಗುತ್ತಲೇ ಇತ್ತು, ಆದರೂ ರಕ್ತ ಅದನ್ನು ತಳ್ಳುತ್ತಲೇ ಇತ್ತು. ಜ್ವರ, ಸೋಂಕು, ರಕ್ತದೊತ್ತಡ ಎಂದು ವಾದಿರಾಜರು ಒಂದೊಂದೇ ಯೋಚಿಸಿದರು. ಯಾವುದಕ್ಕೂ ಅಂಕಿಗಳು ತಾಳೆಯಾಗಲಿಲ್ಲ. ಪಕ್ಕದ ಕಟ್ಟಡದಿಂದ ಮೂತ್ರಪಿಂಡ ತಜ್ಞೆ ಡಾ. ತಬಸ್ಸುಮ್ ನದಾಫ್ ಬಂದು ಪರದೆ ನೋಡಿದರು. ಅವಳನ್ನು ಕೂಡಲೇ ಕರೆಸಿ ಎಂದರು. ಏನೆಂದು ಅನುಮಾನ ಎಂದು ವಾದಿರಾಜರು ಕೇಳಿದ್ದಕ್ಕೆ, ಆರೋಗ್ಯವಾಗಿರುವ ಹೆಂಗಸಿನ ಮೂತ್ರಪಿಂಡಕ್ಕೆ ಹೀಗೆ ದಿಢೀರನೆ ಅರ್ಧದಷ್ಟು ಹೆಚ್ಚು ರಕ್ತ ಬರುವುದು ಒಂದೇ ಸಂದರ್ಭದಲ್ಲಿ ಎಂದು ಉತ್ತರಿಸಿದರು.

ಪರೀಕ್ಷೆ ಅದನ್ನೇ ಹೇಳಿತು. ರೂಪಶ್ರೀ ಬಸಿರಾಗಿದ್ದಳು.

ಜೋಡಣೆಯ ಸಮಯದಲ್ಲಿ ಡಾಕ್ಟರು ಕೆಲವು ವರ್ಷ ಮಗು ಬೇಡವೆಂದೇ ಹೇಳಿದ್ದರು. ಡಯಾಲಿಸಿಸಿನ ದಿನಗಳಿಂದ ಮುಟ್ಟು ಹೇಗೆ ಹೇಗೋ ಆಗುತ್ತಿದ್ದುದರಿಂದ ಅವಳಿಗೂ ಅದು ಆಗದ ಮಾತು ಅನ್ನಿಸಿತ್ತು. ಈಗ ಡಾಕ್ಟರ ಎದುರು ಕೂತು ಅವಳು ಹೊಟ್ಟೆಯ ಬಲಬದಿಯನ್ನು ಮುಟ್ಟಿಕೊಂಡಳು. ಡಬ್ಬಿಗೆ ನನಗಿಂತ ಮೊದಲು ಗೊತ್ತಾಯಿತಲ್ಲ ಎಂದಷ್ಟೇ ಅಂದಳು.

ಹಳೇ ಹುಬ್ಬಳ್ಳಿಯ ಮನೆಯ ಮುಂಭಾಗದಲ್ಲೇ ಮೌನೇಶನ ಮರಗೆಲಸದ ಅಂಗಡಿ. ಸಂಜೆ ಅವನು ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದಾಗ ಅವಳು ವಿಷಯ ಹೇಳಿದಳು. ಅವನು ಕೆಲಸ ನಿಲ್ಲಿಸಿದ. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ಚೌಕಟ್ಟಿನ ಮೇಲಿನ ಮರದ ಹೊಟ್ಟನ್ನು ಕೈಯಿಂದ ಒರೆಸಿದ. ಮೊದಲ ಬಸಿರು ಅವನ ಕಣ್ಣೆದುರು ಇತ್ತು. ನನಗೆ ಮಗು ಬೇಕೆಂದು ನಾನು ಯಾವತ್ತೂ ಕೇಳಿಲ್ಲ, ನೀನು ಮತ್ತೆ ಆ ಹಾಸಿಗೆಗೆ ಹೋಗುವುದು ನನ್ನಿಂದ ನೋಡಲಾಗದು ಎಂದ. ಅತ್ತೆಯಾದರೂ ತನ್ನ ಪಕ್ಕ ನಿಲ್ಲುತ್ತಾರೆಂದು ರೂಪಶ್ರೀ ಅಂದುಕೊಂಡಿದ್ದಳು. ಆದರೆ ಕಾಳವ್ವ ಅಡುಗೆಮನೆಯಿಂದ ಬಂದು ರೊಟ್ಟಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಗನ ಮಾತಿಗೇ ದನಿಗೂಡಿಸಿದರು.

"ನನಗ ಮೊಮ್ಮಕ್ಕಳಿಲ್ಲದಿದ್ರ ನಡೀತೈತಿ ಯವ್ವಾ. ಸೊಸಿ ಇಲ್ಲದಿದ್ರ ನಡಿಯಾಂಗಿಲ್ಲ," ಎಂದರು.

ರೂಪಶ್ರೀ ಇಬ್ಬರಿಗೂ ಎದುರು ಹೇಳಲಿಲ್ಲ. ಡಾಕ್ಟರು ಮೂವರನ್ನೂ ಧಾರವಾಡಕ್ಕೆ ಬರಹೇಳಿದ್ದಾರೆ, ಅಲ್ಲೇ ಮಾತಾಡೋಣ ಎಂದಳು.

ಪ್ರಯೋಗಾಲಯದ ಸಣ್ಣ ಸಭಾಕೋಣೆಯಲ್ಲಿ ಡಾ. ತಬಸ್ಸುಮ್ ಏನೂ ಮುಚ್ಚಿಡದೆ ಹೇಳಿದರು. ಬಸಿರಿನಲ್ಲಿ ತಾಯಿಯ ಮೂತ್ರಪಿಂಡ ತನ್ನ ಕಸದ ಜೊತೆ ಮಗುವಿನ ಕಸವನ್ನೂ ಹೊರಹಾಕಬೇಕು. ಅದಕ್ಕೆಂದೇ ದೇಹ ರಕ್ತನಾಳಗಳನ್ನು ಹಿಗ್ಗಿಸಿ ಹೆಚ್ಚು ರಕ್ತ ಕಳಿಸುತ್ತದೆ. ಇಲ್ಲಿ ದೇಹ ಕಳಿಸುತ್ತಿದೆ, ಕವಾಟ ತಡೆಯುತ್ತಿದೆ. ಕವಾಟ ಹೀಗೇ ಇದ್ದರೆ ಕೆಲವು ವಾರಗಳಲ್ಲಿ ರಕ್ತದಲ್ಲಿ ಯೂರಿಯಾ ಏರುತ್ತದೆ. ಗರ್ಭ ತೆಗೆಸುವುದು ಒಂದು ದಾರಿ. ಮತ್ತೆ ಡಯಾಲಿಸಿಸ್ ಹಚ್ಚಿ ನೋಡುವುದು ಎರಡನೆಯದು. ಹಿಂದಿನ ಅನುಭವ ನೋಡಿದರೆ ಅದರ ಮೇಲೆ ಭರವಸೆ ಇಡುವುದು ಕಷ್ಟ. ಮೂರನೆಯದು, ಕವಾಟವನ್ನು ತೆರೆದು ಡಬ್ಬಿ ತಡೆದುಕೊಳ್ಳುತ್ತದೆಯೇ ಎಂದು ಕಾಯುವುದು.

ಮೂರನೆಯದಕ್ಕೆ ವಾದಿರಾಜರ ಒಪ್ಪಿಗೆಯಿರಲಿಲ್ಲ. ಕವಾಟ ಇಲ್ಲದ ಕಾಲದಲ್ಲಿ ಅವರು ಒಂದು ಕುರಿಗೆ ಡಬ್ಬಿ ಜೋಡಿಸಿದ್ದರು. ಅದು ಚೆನ್ನಾಗಿ ಮೇಯುತ್ತ, ಓಡಾಡುತ್ತ ಇತ್ತು. ಒಂದು ದಿನ ನಾಯಿಗೆ ಬೆದರಿ ಓಡಿದಾಗ ರಕ್ತದ ರಭಸಕ್ಕೆ ಸೋಸುವ ಹಾಳೆ ಬಿರುಕುಬಿಟ್ಟಿತು. ಬಿರುಕಿನಲ್ಲಿ ರಕ್ತ ಹೆಪ್ಪುಗಟ್ಟಿ ಕುರಿ ಸತ್ತಿತು. ಆಮೇಲೆ ಹಾಳೆಗಳನ್ನು ಗಟ್ಟಿ ಮಾಡಿದ್ದರು, ನಿಜ. ಆದರೂ ಇಷ್ಟು ಹರಿವನ್ನು ತಿಂಗಳುಗಟ್ಟಲೆ ಯಾರ ದೇಹದಲ್ಲೂ ಬಿಟ್ಟು ನೋಡಿರಲಿಲ್ಲ. ಹಾಳೆ ತಡೆದರೂ ಎರಡನೇ ಕೋಣೆಯ ಜೀವಕೋಶಗಳು ಇಷ್ಟು ನೀರಿನಿಂದ ಉಪ್ಪು, ಸಕ್ಕರೆ ಹೆಕ್ಕಿ ಮುಗಿಸಬಲ್ಲವೇ ಎಂಬುದೂ ತಿಳಿದಿರಲಿಲ್ಲ. ಅವುಗಳನ್ನು ಒಬ್ಬರಿಗೆ ಸಾಕಾಗುವಷ್ಟೇ ಹಾಸಿದ್ದರು.

ಎಲ್ಲ ಕೇಳಿಸಿಕೊಂಡ ಮೇಲೆ ರೂಪಶ್ರೀ ವಾದಿರಾಜರ ಕಡೆ ತಿರುಗಿದಳು.

"ಸರ, ಕವಾಟ ತೆರದ್ರ ಏನಾಗತೈತಿ ಅನ್ನೂದು ನಿಮಗ ಖಾತ್ರಿ ಗೊತ್ತೈತೇನ್ರಿ?"

"ಇಲ್ಲವ್ವಾ. ಗೊತ್ತಿಲ್ಲ."

"ತೆರೀದಿದ್ರ?"

ವಾದಿರಾಜರು ಮೌನೇಶನ ಮುಖ ನೋಡಿ, ಮತ್ತೆ ಅವಳನ್ನು ನೋಡಿದರು. "ಅದು ಗೊತ್ತದ. ಕೂಸು ಉಳಿಯೂದು ಕಷ್ಟ."

"ಹಂಗಾದ್ರ ಗೊತ್ತಿಲ್ಲದ್ದನ್ನ ಮಾಡೋಣ್ರಿ," ಎಂದಳು ರೂಪಶ್ರೀ. "ಆದ್ರ ಸಾವಕಾಶ ಮಾಡೋಣ. ನನಗೂ ಸಾಯೂದು ಬೇಕಾಗಿಲ್ಲ. ಎಲ್ಲಿ ನಿಲ್ಲಸಬೇಕು ಅನ್ನೂದನ್ನ ಈಗ ಎಲ್ಲಾರೂ ಕೂಡಿ ಹೇಳ್ರಿ. ಅಲ್ಲಿಗೆ ಬಂದ್ರ ನಾ ಹಟ ಮಾಡಂಗಿಲ್ಲ."

ಆ ಮಾತಿಗೆ ಮೌನೇಶ ತಲೆಯೆತ್ತಿದ. ಅವನಿಗೆ ಬೇಕಿದ್ದದ್ದು ಅದೇ, ಅವಳು ತನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಾಳೆ ಎಂಬ ಒಂದು ಮಾತು. ಮುಂದಿನ ಗಂಟೆಯಿಡೀ ಅವರೆಲ್ಲ ಕೂತು ಎಲ್ಲಿ ನಿಲ್ಲಿಸಬೇಕೆಂದು ಮಾತಾಡಿದರು. ಮೂತ್ರದಲ್ಲಿ ರಕ್ತ ಕಂಡರೆ ನಿಲ್ಲಿಸುವುದು. ಪ್ರೋಟೀನು ಸೋರತೊಡಗಿದರೆ ನಿಲ್ಲಿಸುವುದು. ಮೌನೇಶ ಮರಗೆಲಸದವನ ಕುತೂಹಲದಿಂದ ಹಾಳೆಯ ದಪ್ಪ ಎಷ್ಟು, ಬಿರುಕು ಮೊದಲು ಅಂಚಿನಲ್ಲಿ ಬರುತ್ತದೋ ನಡುವೆಯೋ ಎಂದೆಲ್ಲ ವಿಚಾರಿಸಿದ. ವಾದಿರಾಜರು ತಾಳ್ಮೆಯಿಂದ ಉತ್ತರ ಕೊಟ್ಟರು. ಹೀಗೆ ಕೊಡುತ್ತ ಕೊಡುತ್ತ ಅವರ ಗಂಟು ಹಾಕಿದ ಹುಬ್ಬೂ ಸಡಿಲಾಯಿತು.

ಮರುವಾರ ಕವಾಟವನ್ನು ಮೊದಲ ಸಲ ಸ್ವಲ್ಪ ತೆರೆದರು. ರೂಪಶ್ರೀ ನಿಗಾ ಕೋಣೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಡುವಿನ ಗಾಜಿನಲ್ಲಿ ಅವಳಿಗೆ ವಾದಿರಾಜರ ಬೆನ್ನು ಕಾಣುತ್ತಿತ್ತು. ಅವರು ಬೆರಳನ್ನು ಗುಂಡಿಯ ಮೇಲಿಟ್ಟು ಎಷ್ಟೋ ಹೊತ್ತು ಒತ್ತದೇ ಕೂತದ್ದೂ ಕಂಡಿತು. ಒತ್ತಿದ ಮೇಲೆ ಅವಳಿಗೆ ಏನೂ ಅನ್ನಿಸಲಿಲ್ಲ. ಪರದೆಯ ಮೇಲಿನ ಗೆರೆ ಮಾತ್ರ ಮೇಲಕ್ಕೇರಿ, ಸ್ವಲ್ಪ ತೂಗಾಡಿ, ಹೊಸ ಎತ್ತರದಲ್ಲಿ ನಿಂತಿತು. ಹಾಳೆಗಳು ತಡೆದುಕೊಂಡವು.

ಸಮಸ್ಯೆ ಬಂದದ್ದು ಡಬ್ಬಿಯ ಎರಡನೇ ಕೋಣೆಯಿಂದ. ಮೂತ್ರದಲ್ಲಿ ಸಕ್ಕರೆ ಕಂಡಿತು. ಅವಳಿಗೆ ಸಕ್ಕರೆ ಕಾಯಿಲೆಯಿರಲಿಲ್ಲ. ನುಗ್ಗುವ ನೀರಿನಿಂದ ಎಲ್ಲ ಸಕ್ಕರೆಯನ್ನೂ ಹಿಂದಕ್ಕೆ ಸೆಳೆಯಲು ಜೀವಕೋಶಗಳಿಗೆ ಸಾಧ್ಯವಾಗುತ್ತಿರಲಿಲ್ಲ, ಅಷ್ಟೇ. ಉಪ್ಪೂ ಹೆಚ್ಚು ಹೋಗುತ್ತಿತ್ತು. ಅವಳಿಗೆ ತಲೆಸುತ್ತು ಬಂದು, ಬಸ್ಸಿನ ಕೆಲಸಕ್ಕೆ ರಜೆ ಹಾಕಬೇಕಾಯಿತು. ಕಾಳವ್ವ ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಮಾಡಿ ಕೊಡುತ್ತಿದ್ದರು. ಹಿಂದೆ ಇದೇ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಸಿಗದ ಹಾಗೆ ಬಚ್ಚಿಡುತ್ತಿದ್ದ ಆಕೆಗೆ ಇದೇನು ವಿಚಿತ್ರ ಎನ್ನಿಸಿತು. ಡಾಕ್ಟರು ಹೇಳಿದರೆಂದು ಸುಮ್ಮನಾದರು.

ವಾದಿರಾಜರು ಕವಾಟ ಮುಚ್ಚೋಣ ಎಂದರು. ಡಾ. ತಬಸ್ಸುಮ್ ಸ್ವಲ್ಪ ದಿನ ಬಿಟ್ಟು ನೋಡೋಣ ಎಂದರು. ಅವರ ಯೋಚನೆ ಇಷ್ಟು. ಹಾಳೆ ಸತ್ತ ವಸ್ತು, ಎಷ್ಟು ತೂತು ಕೊರೆದಿದ್ದೇವೋ ಅಷ್ಟೇ ಇರುತ್ತದೆ. ಆದರೆ ಜೀವಕೋಶ ಜೀವವಿರುವಂಥದ್ದು. ಒಂದು ಮೂತ್ರಪಿಂಡ ದಾನ ಕೊಟ್ಟವರಲ್ಲಿ ಉಳಿದ ಒಂದು ಮೂತ್ರಪಿಂಡ ತಾನಾಗಿ ದೊಡ್ಡದಾಗಿ ಎರಡರ ಕೆಲಸ ಹೊರುವುದನ್ನು ಅವರು ನೋಡಿದ್ದರು. ಪ್ರಯೋಗಾಲಯದ ಗಾಜಿನಲ್ಲಿ ಬೆಳೆದ ಕೋಶಗಳಿಗೂ ಆ ಗುಣ ಉಳಿದಿರಬಹುದು. ಉಳಿದಿಲ್ಲದೆಯೂ ಇರಬಹುದು.

ಅವರು ಕಾದರು. ಬೆಳಿಗ್ಗೆ ಬೆಳಿಗ್ಗೆ ರೂಪಶ್ರೀ ಪರೀಕ್ಷೆಯ ಪಟ್ಟಿಯನ್ನು ಮೂತ್ರದಲ್ಲದ್ದಿ, ಅದರ ಬಣ್ಣವನ್ನು ಫೋನಿನಲ್ಲಿ ಕಳಿಸುತ್ತಿದ್ದಳು. ಸಕ್ಕರೆಯಿದ್ದರೆ ಪಟ್ಟಿ ಕಂದಾಗುತ್ತಿತ್ತು. ಮೊದಮೊದಲು ಅದು ಗಾಢ ಕಂದು. ಆಮೇಲೆ ಸ್ವಲ್ಪ ತಿಳಿ. ತನಗೆ ಹಾಗೆ ಕಾಣುತ್ತಿದೆಯೋ, ನಿಜವಾಗಿಯೂ ತಿಳಿಯಾಗಿದೆಯೋ ಎಂದು ಮೌನೇಶ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ಬೆಳಿಗ್ಗೆ ಪಟ್ಟಿ ಬಣ್ಣವನ್ನೇ ಬದಲಿಸಲಿಲ್ಲ. ಹಾಳಾದ ಪಟ್ಟಿಯಿರಬೇಕೆಂದು ಅವಳು ಇನ್ನೊಂದನ್ನು ಅದ್ದಿದಳು. ಅದೂ ಹಾಗೇ ಉಳಿಯಿತು. ಫೋನು ಮಾಡಿದರೆ ವಾದಿರಾಜರೇ ಎತ್ತಿಕೊಂಡರು. ನಾವೂ ಅಂಕಿ ನೋಡಿದ್ದೇವೆ, ಉಪ್ಪೂ ಸರಿಹೋಗಿದೆ, ನಿಮ್ಮ ಕೋಶಗಳು ಹೆಚ್ಚಿವೆ ಎಂದರು.

ಮುಂದೆ ಹಂತಹಂತವಾಗಿ ಕವಾಟ ತೆರೆಯುತ್ತ ಹೋದರು. ಪ್ರತಿಸಲವೂ ಮೊದಲು ಸಕ್ಕರೆ ಕಾಣುತ್ತಿತ್ತು, ಆಮೇಲೆ ಮಾಯವಾಗುತ್ತಿತ್ತು. ಕೊನೆಗೆ ಕವಾಟ ಪೂರ್ತಿ ತೆರೆದುಕೊಂಡಿತು. ರಕ್ತದ ಯೂರಿಯಾ ಇಳಿದು, ಬಸಿರಿಯರಿಗೆ ಇರಬೇಕಾದಷ್ಟಕ್ಕೇ ಬಂದು ನಿಂತಿತು.

ಐದನೇ ತಿಂಗಳ ಸ್ಕ್ಯಾನಿಂಗಿಗೆ ಕಾಳವ್ವನೂ ಹೋಗಿದ್ದರು. ತಾಯಿಯ ದೋಷ ಏನಾದರೂ ಬಂದಿದೆಯೇ ಎಂದು ಡಾಕ್ಟರು ಮಗುವಿನ ಮೂತ್ರಪಿಂಡಗಳನ್ನು ಬಹಳ ಹೊತ್ತು ನೋಡಿದರು. ಬೆನ್ನುಮೂಳೆಯ ಆಚೆ ಈಚೆ ಅವರೆಕಾಳಿನಂಥ ಎರಡು ಆಕೃತಿಗಳಿದ್ದವು. ನಡುವೆ ಕೆಳಗೊಂದು ಕಪ್ಪು ಚುಕ್ಕೆ. ಅದೇ ಮೂತ್ರಕೋಶ ಎಂದರು. ನೋಡುತ್ತಿದ್ದಂತೆ ಆ ಚುಕ್ಕೆ ಕುಗ್ಗಿ ಇಲ್ಲವಾಯಿತು. ಮಗು ಈಗಷ್ಟೇ ಮೂತ್ರ ಮಾಡಿತು, ಅದರ ಸುತ್ತ ಇರುವ ನೀರಿನ ಬಹುಪಾಲು ಅದೇ, ಆ ನೀರು ಇಷ್ಟು ಚೆನ್ನಾಗಿ ತುಂಬಿಕೊಂಡಿದೆಯೆಂದರೆ ಮಗುವಿನ ಮೂತ್ರಪಿಂಡ ಸರಿಯಾಗಿದೆ ಎಂದರ್ಥ ಎಂದು ವಿವರಿಸಿದರು. ಹಾಗಾದರೆ ಕೂಸು ಅದರೊಳಗೇ ಈಜುತ್ತದೆಯೇ ಎಂದು ಕಾಳವ್ವ ನಂಬದೆ ಕೇಳಿದರು. ಎಲ್ಲರೂ ಹಾಗೇ ಈಜಿ ಬಂದವರೇ ಎಂದು ಡಾಕ್ಟರು ನಕ್ಕರು. ಆವತ್ತಿನಿಂದ ಕಾಳವ್ವ ಕೂಸಿನ ತಲೆಗೆ ಕುಲಾಯಿ ಹೊಲಿಯತೊಡಗಿದರು.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ರೂಪಶ್ರೀ ಮಲಗಿದ್ದಳು. ಬಲಗಡೆ ಸೊಂಟದಲ್ಲಿ ಬಿಗಿತ ಶುರುವಾಯಿತು. ಅದೇ ಹೊತ್ತಿಗೆ ಧಾರವಾಡದಲ್ಲಿ ಅವಳ ಹೆಸರು ಕೆಂಪಾಯಿತು. ಡಬ್ಬಿಯಿಂದ ಮೂತ್ರ ಇಳಿಯುವುದು ನಿಂತಿತ್ತು. ಡಾ. ತಬಸ್ಸುಮ್ ಬೇರೆ ಆಸ್ಪತ್ರೆಯಲ್ಲಿ ತುರ್ತು ರೋಗಿಯೊಬ್ಬರನ್ನು ನೋಡುತ್ತಿದ್ದರು. ನಿಗಾ ಕೋಣೆಯಲ್ಲಿದ್ದವರು ಹಾಳೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಕವಾಟ ಮುಚ್ಚಿ ಆಂಬುಲೆನ್ಸ್ ಕಳಿಸಬೇಕು ಎಂದರು. ವಾದಿರಾಜರು ಆಂಬುಲೆನ್ಸ್ ಕಳಿಸಿದರು. ಕವಾಟದ ಗುಂಡಿಗೆ ಕೈ ಹಾಕಿದವರು ಮಾತ್ರ ತಡೆದರು. ಹೆಪ್ಪುಗಟ್ಟಿದ್ದರೆ ರಕ್ತದ ಹರಿವು ಮೊದಲು ಬೀಳಬೇಕಿತ್ತು, ಅದು ಬಿದ್ದಿರಲಿಲ್ಲ. ಮೂತ್ರ ಇಳಿಯುವ ನಾಳದ ಒಳಗೆ ಒತ್ತಡ ಏರಿತ್ತು. ಅಂದರೆ ಡಬ್ಬಿ ಮೂತ್ರ ಮಾಡುತ್ತಲೇ ಇತ್ತು, ಕೆಳಗಿಳಿಯಲು ದಾರಿಯಿರಲಿಲ್ಲ. ಕವಾಟ ಮುಚ್ಚಿದರೆ, ಏನೂ ಆಗದ ಹಾಳೆಯಲ್ಲಿ ರಕ್ತ ನಿಂತು ನಿಜವಾಗಿಯೂ ಹೆಪ್ಪುಗಟ್ಟಬಹುದಿತ್ತು. ಅವರು ರೂಪಶ್ರೀಗೆ ಫೋನು ಮಾಡಿ, ಹೇಗೆ ಮಲಗಿದ್ದೀರಿ ಎಂದು ಕೇಳಿದರು. ಬಲಮಗ್ಗುಲಾಗಿ ಎಂದಳು.

"ಎಡಕ್ಕ ಹೊರಳ್ರಿ," ಎಂದರು ವಾದಿರಾಜರು. "ಕೂಸಿನ ಭಾರ ನಾಳದ ಮ್ಯಾಲೆ ಬಿದ್ದದ. ಸಾವಕಾಶ ಹೊರಳ್ರಿ, ಫೋನ್ ಇಡಬ್ಯಾಡ್ರಿ."

ಮೌನೇಶ ಓಡಿಬಂದು ಅವಳ ಬೆನ್ನಿಗೆ ಕೈಕೊಟ್ಟು ಹೊರಳಿಸಿದ. ಕಾಳವ್ವ ಹೊಟ್ಟೆಯಡಿಗೆ ದಿಂಬು ಇಟ್ಟರು. ಸ್ವಲ್ಪ ಹೊತ್ತಿಗೆ ಸೊಂಟದ ಬಿಗಿತ ಸಡಿಲಾದಂತೆ ರೂಪಶ್ರೀಗೆ ಅನ್ನಿಸಿತು. ಆ ಮಾತು ಹೇಳುವಷ್ಟರಲ್ಲಿ ವಾದಿರಾಜರೇ, ಇಳಿಯಿತು, ಇಳಿಯುತ್ತಿದೆ ಎಂದರು. ಆಮೇಲೆ ಅವರು ಅಳುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಆಂಬುಲೆನ್ಸ್ ಬಂದಾಗ ಅವಳು ಎದ್ದು ಮೂತ್ರಕ್ಕೆ ಹೋಗಿ ಬಂದಿದ್ದಳು. ಆದರೂ ಡಾಕ್ಟರು ಹೆರಿಗೆಯವರೆಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎಡಮಗ್ಗುಲಲ್ಲೇ ಮಲಗಿ ಮಲಗಿ ಅವಳಿಗೆ ಆ ಕಡೆಯ ಗೋಡೆಯ ಬಣ್ಣ ಸುಲಿದ ಜಾಗಗಳೆಲ್ಲ ಪರಿಚಯವಾದವು.

ಹೆಣ್ಣುಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆಯಿತ್ತು, ದನಿ ಕಡಿಮೆಯಿರಲಿಲ್ಲ. ನಾಮಕರಣಕ್ಕೆ ಕಾಳವ್ವ ಆರಿಸಿದ ಹೆಸರು ತ್ರಿವೇಣಿ.

ಹೆರಿಗೆಯ ನಂತರ ಕವಾಟವನ್ನು ಮತ್ತೆ ಹಳೆಯ ಮಿತಿಗೆ ತರಬೇಕೆಂದು ಮೊದಲೇ ಮಾತಾಗಿತ್ತು. ವಾದಿರಾಜರು ಅದಕ್ಕೆ ಸಿದ್ಧರಾಗಿ ಕೂತಾಗ ಹರಿವಿನ ಗೆರೆ ಆಗಲೇ ಇಳಿಯತೊಡಗಿತ್ತು. ದಿನಕ್ಕಿಷ್ಟು ಎಂಬಂತೆ ಅದು ತಾನಾಗಿ ಇಳಿದು, ಅವರು ಒಬ್ಬರಿಗೆ ಸಾಕೆಂದು ಹಾಕಿದ್ದ ಮಿತಿಯ ಹತ್ತಿರಕ್ಕೇ ಬಂದು ನಿಂತಿತು. ಅವರು ಗುಂಡಿ ಒತ್ತಲಿಲ್ಲ. ಮುಂದಿನ ಮಾದರಿಯಲ್ಲಿ ಕವಾಟ ಇರುತ್ತದೆ, ಆದರೆ ದೇಹ ಏಕೆ ಹೆಚ್ಚು ರಕ್ತ ಕೇಳುತ್ತಿದೆ ಎಂದು ವಿಚಾರಿಸದೆ ಅದು ಮುಚ್ಚುವುದಿಲ್ಲ ಎಂದು ವಾದಿರಾಜರು ಡಾ. ತಬಸ್ಸುಮ್ ಅವರ ಮುಂದೆ ಹೇಳಿದರು. ಅದರ ನಕ್ಷೆಗೆ ಅವರು ಅಂದೇ ಕೂತರು.

ಮಗುವಿಗೆ ಕತ್ತು ನಿಂತ ಮೇಲೆ ರೂಪಶ್ರೀ ತಾನು ಹಿಂದೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ವಾರ್ಡಿಗೆ ಹೋದಳು. ಅಲ್ಲಿನ ನರ್ಸಮ್ಮಂದಿರು ಮಗುವನ್ನು ನೋಡಲು ಕರೆದಿದ್ದರು. ಹಾಸಿಗೆಗಳಲ್ಲಿ ಈಗ ಬೇರೆ ಜನ. ಕಿಟಕಿಯ ಬಳಿ ಮದುವೆಯ ಹಸಿರು ಬಳೆ ಇನ್ನೂ ತೆಗೆಯದ ಹುಡುಗಿಯೊಬ್ಬಳು ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಅವಳು ತ್ರಿವೇಣಿಯನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು.

"ಅಕ್ಕಾರ, ನನಗೂ ಆಗತೈತೇನ್ರಿ?"

ರೂಪಶ್ರೀ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲವ್ವಾ. ನನಗೂ ಗೊತ್ತಿದ್ದಿಲ್ಲ," ಎಂದಳು. ಮಂಚದ ಅಂಚಿನಲ್ಲಿ ಕೂತು, ಸೂಜಿಯಿಲ್ಲದ ಕೈಯ ಕಡೆಗೆ ಮಗುವನ್ನು ಇಳಿಸಿದಳು. ಹುಡುಗಿ ಹಿಂಜರಿಯುತ್ತ ಕೈ ಚಾಚಿ ಅದನ್ನು ಎದೆಗೆ ಒರಗಿಸಿಕೊಂಡಳು. ಮಗು ಅವಳ ಬಳೆಗಳನ್ನು ಹಿಡಿದು ಎಳೆಯತೊಡಗಿತು. ಪಕ್ಕದಲ್ಲಿ ಯಂತ್ರ ತಿರುಗುತ್ತಲೇ ಇತ್ತು. ಇನ್ನೂ ಎಷ್ಟು ಹೊತ್ತಿದೆ ಎಂದು ಹುಡುಗಿ ಆ ದಿನ ನರ್ಸಮ್ಮನನ್ನು ಒಮ್ಮೆಯೂ ಕೇಳಲಿಲ್ಲ.